ಡಿಗ್ರಿ ಫಿಸಿಕ್ಸ್‌ಗೆ ಟ್ಯೂಷನ್ ಬೇಕಾ? ಸರಿಯಾದವರನ್ನು ಹುಡುಕುವುದು ಹೀಗೆ

ವರ್ಷದಲ್ಲಿ ಎರಡು ಹೊತ್ತು ನನ್ನ ಫೋನ್‌ಗೆ ಪುರುಸೊತ್ತು ಇರುವುದಿಲ್ಲ. ಒಂದು, ಮೊದಲ ಇಂಟರ್ನಲ್ಸ್ ಮಾರ್ಕ್ಸ್ ಬಂದ ವಾರ. ಇನ್ನೊಂದು, ಸೆಮಿಸ್ಟರ್ ಪರೀಕ್ಷೆಯ ಟೈಮ್‌ಟೇಬಲ್ ಬಂದ ದಿನ. ಆ ಕಡೆಯ ಮಾತು ಹೆಚ್ಚುಕಡಿಮೆ ಒಂದೇ. "ಮೇಡಂ, ಮಗಳಿಗೆ ಫಿಸಿಕ್ಸ್ ಅರ್ಥ ಆಗ್ತಿಲ್ಲ, ಟ್ಯೂಷನ್ ತಗೋತೀರಾ?" ಯಾವ ಭಾಗ ಅರ್ಥ ಆಗ್ತಿಲ್ಲ ಅಂತ ಕೇಳಿದರೆ, "ಎಲ್ಲಾನೂ" ಅನ್ನುತ್ತಾರೆ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಬಿಎಸ್ಸಿ ಮತ್ತು ಎಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಕೇಳಿದ ಎಲ್ಲರನ್ನೂ ತೆಗೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಬೇರೆ ಒಳ್ಳೆಯವರನ್ನು ಹುಡುಕಿಕೊಳ್ಳುವುದು ಹೇಗೆ ಅಂತ ಫೋನಿನಲ್ಲೇ ಹೇಳುತ್ತಾ ಬಂದಿದ್ದೇನೆ. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಪಿಯುಸಿಗೆ ಟ್ಯೂಷನ್ ಹುಡುಕುವುದು ಸುಲಭ. ಸಿಇಟಿ, ನೀಟ್, ಜೆಇಇ ಅಂತ ಬೋರ್ಡ್ ಹಾಕಿಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಡಿಗ್ರಿಗೆ ಬಂದ ಕೂಡಲೇ ಆ ಬೋರ್ಡ್‌ಗಳು ಮಾಯ. ಓದುವವರು ಕಮ್ಮಿ, ಒಂದೊಂದು ಯೂನಿವರ್ಸಿಟಿಗೆ ಒಂದೊಂದು ಸಿಲಬಸ್, ಪಾಠವೂ ಕಷ್ಟ. ಆದ್ದರಿಂದ ಇಲ್ಲಿ ಬೋರ್ಡ್ ನೋಡಿ ಹೋಗಿ ಸೇರುವುದು ಅಂತ ಇಲ್ಲ. ಹುಡುಕಬೇಕು, ಮಾತಾಡಿಸಬೇಕು, ಒಂದೆರಡು ಕ್ಲಾಸ್ ಕೂತು ನೋಡಬೇಕು.

ಮೊದಲು, ನಿಮ್ಮ ಪೆನ್ನು ಎಲ್ಲಿ ನಿಲ್ಲುತ್ತಿದೆ ನೋಡಿಕೊಳ್ಳಿ

ಟ್ಯೂಟರ್ ಹುಡುಕುವ ಮೊದಲು ಒಂದು ಸಂಜೆ ಇದಕ್ಕೆ ಕೊಡಿ. ನಿಮ್ಮ ಯೂನಿವರ್ಸಿಟಿಯ ಹಿಂದಿನ ವರ್ಷದ ಒಂದು ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ. ಪುಸ್ತಕ, ಫೋನ್ ಎರಡೂ ಬೇರೆ ಕೋಣೆಯಲ್ಲಿರಲಿ. ಒಂದು ಗಂಟೆ ಕೂತು ಎಷ್ಟು ಆಗುತ್ತೋ ಅಷ್ಟು ಬರೆಯಿರಿ. ಪೆನ್ನು ನಿಂತ ಪ್ರತಿ ಜಾಗಕ್ಕೂ ಒಂದು ಸುತ್ತು ಹಾಕಿ. ಪಕ್ಕದಲ್ಲಿ ಯಾಕೆ ನಿಂತಿತು ಅಂತ ಎರಡೇ ಪದ ಬರೆದುಕೊಳ್ಳಿ. ಪ್ರಶ್ನೆಯೇ ಅರ್ಥ ಆಗಲಿಲ್ಲವಾ? ಸೂತ್ರ ಮರೆತುಹೋಯಿತಾ? ಲೆಕ್ಕ ಮುಂದೆ ಹೋಗಲಿಲ್ಲವಾ? ಎಲ್ಲಾ ಗೊತ್ತಿದ್ದೂ ಇಂಗ್ಲಿಷಿನಲ್ಲಿ ಬರೆಯಲು ಬರಲಿಲ್ಲವಾ?

ಇದು ಸುಮ್ನೆ ಕಾಲ ಕಳೆಯುವ ಕೆಲಸ ಅಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಹುಡುಗ ನನ್ನ ಹತ್ತಿರ ಬಂದು "ಮೇಡಂ, ಕ್ವಾಂಟಮ್ ಮೆಕ್ಯಾನಿಕ್ಸ್ ತಲೆಗೆ ಹೋಗ್ತಾನೇ ಇಲ್ಲ" ಅಂದ. ಪೆಟ್ಟಿಗೆಯೊಳಗಿನ ಕಣದ ಲೆಕ್ಕ ಬರೆಯಲು ಹೇಳಿದೆ. ಶ್ರೋಡಿಂಜರ್ ಸಮೀಕರಣ ಸರಿಯಾಗಿ ಬರೆದ. ಎರಡೂ ಗೋಡೆಯ ಹತ್ತಿರ ವೇವ್ ಫಂಕ್ಷನ್ ಸೊನ್ನೆ ಆಗಬೇಕು ಅಂತಲೂ ಅವನಿಗೆ ಗೊತ್ತಿತ್ತು. ಉತ್ತರ ಸೈನ್ ರೂಪದಲ್ಲಿ ಬರುತ್ತೆ ಅಂತ ತಾನೇ ಹೇಳಿದ. ಅಲ್ಲಿಂದ ಮುಂದೆ ನಾರ್ಮಲೈಸೇಷನ್ ಮಾಡಬೇಕು. ಅಲ್ಲಿ ಪೆನ್ನು ನಿಂತಿತು. ಸೈನ್ ಸ್ಕ್ವೇರ್‌ನ ಇಂಟಿಗ್ರೇಷನ್ ಅವನಿಗೆ ಬರುತ್ತಿರಲಿಲ್ಲ. ಸೈನ್ ಸ್ಕ್ವೇರನ್ನು ಕಾಸ್ ಟೂ ತೀಟಾಕ್ಕೆ ಬದಲಾಯಿಸಿಕೊಂಡರೆ ಎರಡು ಸಾಲಿನಲ್ಲಿ ಮುಗಿಯುವ ಲೆಕ್ಕ ಅದು. ಪಿಯುಸಿಯಲ್ಲಿ ಆ ಭಾಗ ಅವನು ಬಿಟ್ಟುಬಿಟ್ಟಿದ್ದ. ಅವನಿಗೆ ಬೇಕಾಗಿದ್ದದ್ದು ಕ್ವಾಂಟಮ್ ಟ್ಯೂಟರ್ ಅಲ್ಲ, ಎರಡು ಸಂಜೆಯ ಪಿಯುಸಿ ಗಣಿತ. ಅಷ್ಟಾದ ಮೇಲೆ ಆ ಚಾಪ್ಟರ್ ಅವನೇ ಓದಿಕೊಂಡ.

ಡಿಗ್ರಿ ಫಿಸಿಕ್ಸ್‌ನಲ್ಲಿ ಇಂಥದ್ದು ಬಹಳ. ಥರ್ಮೋಡೈನಮಿಕ್ಸ್‌ನಲ್ಲಿ ಮ್ಯಾಕ್ಸ್‌ವೆಲ್ ಸಂಬಂಧಗಳು ಅರ್ಥ ಆಗಲಿಲ್ಲ ಅಂದರೆ, ಮುಕ್ಕಾಲು ಪಾಲು ಸಲ ಪಾರ್ಷಿಯಲ್ ಡೆರಿವೇಟಿವ್‌ನಲ್ಲಿ ಯಾವುದನ್ನು ಸ್ಥಿರವಾಗಿ ಇಟ್ಟುಕೊಂಡಿದ್ದೇವೆ ಅನ್ನುವುದು ಕೈತಪ್ಪಿರುತ್ತದೆ. ವಿದ್ಯುತ್ಕಾಂತತ್ವ ಕಷ್ಟ ಅನ್ನುವವರಿಗೆ ಡೈವರ್ಜೆನ್ಸ್, ಕರ್ಲ್ ಅಂದರೆ ಏನು ಅಂತ ಯಾರೂ ಚಿತ್ರ ಬರೆದು ತೋರಿಸಿರುವುದಿಲ್ಲ. ನಿಮ್ಮ ಸುತ್ತುಗಳಲ್ಲಿ ಹೆಚ್ಚಿನವು ಲೆಕ್ಕದ ಮೇಲೇ ಬಿದ್ದಿದ್ದರೆ, ಗಣಿತದ ಕಡೆ ಗಟ್ಟಿ ಇರುವವರನ್ನೇ ಹುಡುಕಿ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಮಕ್ಕಳಿಗೆ ಎಷ್ಟೋ ಸಲ ವಿಷಯ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಸಂವೇಗ, ವೇಗೋತ್ಕರ್ಷ, ಜಡತ್ವ ಅಂತ ಕಲಿತವರ ಮುಂದೆ ಒಂದೇ ಸಲ ಮೊಮೆಂಟಮ್, ಆಕ್ಸಿಲರೇಷನ್, ಇನರ್ಷಿಯಾ ಅಂತ ಓಡಿಸಿದರೆ ಅವರು ಸುಮ್ಮನಾಗಿಬಿಡುತ್ತಾರೆ. ದಡ್ಡರು ಅಂತ ತಾವೇ ಅಂದುಕೊಳ್ಳುತ್ತಾರೆ. ಅದು ತಪ್ಪು. ಇಂಟರ್‌ಫಿಯರೆನ್ಸ್ ಅಂದರೆ ವ್ಯತಿಕರಣ, ಡಿಫ್ರಾಕ್ಷನ್ ಅಂದರೆ ವಿವರ್ತನೆ ಅಂತ ಒಂದು ಸಲ ಎರಡನ್ನೂ ಜೋಡಿಸಿ ಹೇಳುವವರು ಸಿಕ್ಕರೆ ಸಾಕು. ನಿಮ್ಮದು ಈ ಕಷ್ಟ ಆದರೆ, ಟ್ಯೂಟರ್ ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಬರೆಸುವವರಾಗಿರಬೇಕು. ಇದನ್ನು ಕೇಳಲು ನಾಚಿಕೆ ಬೇಡ.

ಸಿಲಬಸ್ ಕೈಯಲ್ಲಿರಲಿ

ಫೋನ್ ಮಾಡುವ ಮೊದಲು ನಿಮ್ಮ ಸಿಲಬಸ್ ಪ್ರತಿ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ಇದು ಈಚೆಗೆ ಗೊಂದಲದ ವಿಷಯ ಆಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಡಿಗ್ರಿ ಪಠ್ಯ ಬದಲಾಯಿತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು, ಪಠ್ಯ ಮತ್ತೊಮ್ಮೆ ಬದಲಾಯಿತು. ಅಂದರೆ ಹಳೆಯ ಪಠ್ಯ ಓದಿದ ಅಕ್ಕನ ನೋಟ್ಸ್ ನಿಮ್ಮ ಸೆಮಿಸ್ಟರ್‌ಗೆ ಹಾಗೇ ಹೊಂದಿಕೊಳ್ಳುತ್ತದೆ ಅಂತ ಹೇಳಲು ಆಗುವುದಿಲ್ಲ. ವಿಟಿಯು, ಅಂದರೆ ಎಂಜಿನಿಯರಿಂಗ್ ಯೂನಿವರ್ಸಿಟಿಯ ಮಕ್ಕಳಿಗೂ ಹೀಗೆಯೇ. 2022ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ಫಿಸಿಕ್ಸ್, ಮೆಕ್ಯಾನಿಕಲ್‌ನವರಿಗೆ ಇನ್ನೊಂದು ಅಂತ ಸ್ಟ್ರೀಮ್ ಪ್ರಕಾರ ಬೇರೆ ಮಾಡಿದರು. "ಎಂಜಿನಿಯರಿಂಗ್ ಫಿಸಿಕ್ಸ್ ಮಾಡ್ತೀನಿ" ಅನ್ನುವವರಿಗೆ ನಿಮ್ಮ ಸ್ಕೀಮ್ ಯಾವುದು, ಸ್ಟ್ರೀಮ್ ಯಾವುದು, ಫಿಸಿಕ್ಸ್ ಸೈಕಲ್ (ಫಿಸಿಕ್ಸ್ ಇರುವ ವಿಷಯಗಳ ಗುಂಪು) ಯಾವ ಸೆಮಿಸ್ಟರ್‌ಗೆ ಬಂದಿದೆ ಇಷ್ಟನ್ನೂ ಮೊದಲೇ ತಿಳಿಸಿ.

ನಿಮ್ಮ ಗುರಿ ಏನು ಅಂತಲೂ ಹೇಳಿ. ಬ್ಯಾಕ್‌ಲಾಗ್ ಕ್ಲಿಯರ್ ಮಾಡುವುದು ಒಂದು ಕೆಲಸ. ಎಂಎಸ್ಸಿಗೆ ಐಐಟಿಗಳಿಗೆ, ಎಂಎಸ್ಸಿ-ಪಿಎಚ್‌ಡಿ ಸೇರಿದ ಕೋರ್ಸಿಗೆ ಐಐಎಸ್ಸಿಗೆ ಹೋಗಲು ಜಾಮ್ ಪ್ರವೇಶ ಪರೀಕ್ಷೆ ಬರೆಯುವುದು ಬೇರೆಯೇ ಕೆಲಸ. ಜಾಮ್‌ನಲ್ಲಿ ಮೂರು ಗಂಟೆಗೆ 60 ಪ್ರಶ್ನೆ, 100 ಅಂಕ. ಅಲ್ಲಿ ಡೆರಿವೇಷನ್ ಬಾಯಿಪಾಠ ಮಾಡಿದರೆ ಏನೂ ಸಿಗದು, ಲೆಕ್ಕ ಬಿಡಿಸುವ ಕೈ ಬೇಕು. ಸೆಮಿಸ್ಟರ್ ಪರೀಕ್ಷೆಗೆ ಚೆನ್ನಾಗಿ ತಯಾರು ಮಾಡುವವರೆಲ್ಲ ಇದಕ್ಕೂ ತಯಾರು ಮಾಡುತ್ತಾರೆ ಅಂತ ಅಂದುಕೊಳ್ಳಬೇಡಿ.

ದುಡ್ಡು ಕೊಡುವ ಮೊದಲು

ನಿಮ್ಮ ಕಾಲೇಜಿನ ಮೇಷ್ಟ್ರನ್ನು ಒಂದು ಸಲ ಸ್ಟಾಫ್ ರೂಮಿಗೆ ಹೋಗಿ ಕೇಳಿದ್ದೀರಾ? ಬಂದವರಲ್ಲಿ ಮುಕ್ಕಾಲು ಜನ ಕೇಳಿರುವುದಿಲ್ಲ. "ಸರ್, ಎಲ್ಲಾ ಅರ್ಥ ಆಗ್ತಿಲ್ಲ" ಅಂತ ಹೋದರೆ ಅವರಾದರೂ ಏನು ಮಾಡಿಯಾರು? ಸುತ್ತು ಹಾಕಿದ ಆ ಹಾಳೆ ಹಿಡಿದುಕೊಂಡು ಹೋಗಿ. "ಸರ್, ಈ ಸಾಲಿನಿಂದ ಈ ಸಾಲು ಹೇಗೆ ಬಂತು?" ಅಂತ ಕೇಳಿ. ಹತ್ತು ನಿಮಿಷದಲ್ಲಿ ಹೇಳಿಕೊಡದ ಮೇಷ್ಟ್ರು ಅಪರೂಪ.

ಆದರೆ ಅವರನ್ನೇ ಸಂಬಳದ ಟ್ಯೂಷನ್‌ಗೆ ಕೇಳಬೇಡಿ. ಕೆಲಸಕ್ಕೆ ಅಡ್ಡಿಯಾಗುವಂಥ ಖಾಸಗಿ ಟ್ಯೂಷನ್‌ನಿಂದ ದೂರ ಇರಬೇಕು ಅಂತ ಕಾಲೇಜು ಶಿಕ್ಷಕರಿಗೆ ಯುಜಿಸಿಯ ನೀತಿ ಸಂಹಿತೆಯಲ್ಲೇ ಇದೆ. ಇಂಟರ್ನಲ್ಸ್ ಅಂಕ ಕೊಡುವ ಕೈಗೇ ನೀವು ದುಡ್ಡೂ ಕೊಡುವುದು ಇಬ್ಬರಿಗೂ ಒಳ್ಳೆಯದಲ್ಲ. ಅವರೇ "ನನ್ನ ಹತ್ತಿರ ಟ್ಯೂಷನ್‌ಗೆ ಬಾ" ಅಂದರೆ ಮನೆಯಲ್ಲಿ ಹೇಳಿ, ನಯವಾಗಿ ತಪ್ಪಿಸಿಕೊಳ್ಳಿ.

ಎನ್‌ಪಿಟೆಲ್ ಮತ್ತು ಸ್ವಯಂ ಅನ್ನುವ ಆನ್‌ಲೈನ್ ತಾಣಗಳಲ್ಲಿ ಐಐಟಿ, ಐಐಎಸ್ಸಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿ ಇವೆ. ಲ್ಯಾಬ್ ಭಯ ಇರುವವರಿಗೆ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಇದೆ. ಪ್ರಯೋಗಗಳನ್ನು ಕಂಪ್ಯೂಟರಿನಲ್ಲೇ ಮಾಡಿ ನೋಡಬಹುದು. ಬೆಂಗಳೂರಿನಲ್ಲಿ ಇರುವವರು ಜವಾಹರಲಾಲ್ ನೆಹರೂ ತಾರಾಲಯದ ರೀಪ್ ತರಗತಿಗಳ ಬಗ್ಗೆ ವಿಚಾರಿಸಿ. ಡಿಗ್ರಿ ಓದುವವರಿಗಾಗಿಯೇ ವಾರಾಂತ್ಯದಲ್ಲಿ ನಡೆಸುವ ಪಾಠ ಅದು. ಪರೀಕ್ಷೆಗೆ ನೇರವಾಗಿ ತಯಾರು ಮಾಡುವುದಿಲ್ಲ, ಫಿಸಿಕ್ಸ್ ಮೇಲೆ ಆಸೆ ಹುಟ್ಟಿಸುತ್ತದೆ.

ಇಷ್ಟೆಲ್ಲ ಇದ್ದರೂ ವಿಡಿಯೋ ನಿಮ್ಮ ಹಾಳೆಯನ್ನು ನೋಡುವುದಿಲ್ಲ. ನಿಮ್ಮ ತಪ್ಪನ್ನು ಯಾರಾದರೂ ಪಕ್ಕದಲ್ಲಿ ಕೂತು ನೋಡಬೇಕು ಅನ್ನಿಸಿದರೆ, ಆಗ ಟ್ಯೂಟರ್ ಬೇಕು.

ಯಾರನ್ನು, ಎಲ್ಲಿ ಹುಡುಕಬೇಕು

ನನ್ನ ಮೊದಲ ಸಲಹೆ ಯಾವಾಗಲೂ ಎಂಎಸ್ಸಿ ಎರಡನೇ ವರ್ಷದವರು ಇಲ್ಲವೇ ಪಿಎಚ್‌ಡಿ ಮಾಡುತ್ತಿರುವವರು. ಅವರು ಆ ಪಾಠ ಓದಿ ಇನ್ನೂ ಹೆಚ್ಚು ದಿನ ಆಗಿಲ್ಲ. ಎಲ್ಲಿ ಎಡವಿದ್ದೆವು ಅಂತ ನೆನಪಿರುತ್ತದೆ. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಕಲಬುರಗಿಯ ಜ್ಞಾನಗಂಗೆ, ಇವೆಲ್ಲ ಕಡೆ ಫಿಸಿಕ್ಸ್ ವಿಭಾಗ ಇದೆ. ವಿಭಾಗದ ಆಫೀಸಿಗೆ ಹೋಗಿ, ನೋಟಿಸ್ ಬೋರ್ಡಿಗೆ ಒಂದು ಚೀಟಿ ಹಾಕಬಹುದಾ ಅಂತ ಕೇಳಿ. ಪಾಠ ಹೇಳಿ ಖರ್ಚಿಗೆ ನಾಲ್ಕು ಕಾಸು ಸಂಪಾದಿಸಬೇಕು ಅನ್ನುವ ಒಳ್ಳೆಯ ಹುಡುಗ ಹುಡುಗಿಯರು ಅಲ್ಲಿ ಇರುತ್ತಾರೆ.

ಮೈಸೂರಿನವರಿಗೆ ಇನ್ನೊಂದು ಜಾಗ ಹೇಳುತ್ತೇನೆ. ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಂದರೆ ಆರ್‌ಐಇ. ಅಲ್ಲಿ ಬಿಎಸ್ಸಿ ಬಿಎಡ್, ಎಂಎಸ್ಸಿ ಎಡ್ ಓದುವವರು ಫಿಸಿಕ್ಸ್ ಜೊತೆಗೆ ಪಾಠ ಹೇಳುವುದನ್ನೂ ಕಲಿಯುತ್ತಾರೆ. ಕೊನೆಯ ವರ್ಷಗಳ ವಿದ್ಯಾರ್ಥಿಗಳು ಸಿಕ್ಕರೆ ಬಿಡಬೇಡಿ.

ಎರಡನೆಯವರು ನಿವೃತ್ತ ಮೇಷ್ಟ್ರುಗಳು. ಇವರಿಗೆ ಜಾಹೀರಾತು ಇರುವುದಿಲ್ಲ. ಊರಿನ ಹಳೆಯ ಪುಸ್ತಕದ ಅಂಗಡಿಯವರಿಗೆ, ಕಾಲೇಜಿನ ಲೈಬ್ರರಿಯನ್‌ಗೆ, ಲ್ಯಾಬ್ ಅಟೆಂಡರ್‌ಗೆ ಗೊತ್ತಿರುತ್ತದೆ. ಲ್ಯಾಬ್ ಅಟೆಂಡರ್‌ಗಳನ್ನು ಮರೆಯಬೇಡಿ. ಯಾವ ಮೇಷ್ಟ್ರು ಮಕ್ಕಳ ಪಕ್ಕ ನಿಂತು ಹೇಳಿಕೊಡುತ್ತಿದ್ದರು, ಯಾರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ ಅನ್ನುವುದನ್ನು ಕಣ್ಣಾರೆ ನೋಡಿದವರು ಅವರು. ನಿವೃತ್ತರ ಕೈಯಲ್ಲಿ ವಿಷಯ ಗಟ್ಟಿ. ಸಿಲಬಸ್ ಮಾತ್ರ ಹೊಸದನ್ನು ನೀವೇ ತೋರಿಸಬೇಕಾಗುತ್ತದೆ.

ಅತಿಥಿ ಉಪನ್ಯಾಸಕರಲ್ಲೂ ತುಂಬಾ ಒಳ್ಳೆಯವರು ಇದ್ದಾರೆ. ಬೇರೆ ಕಾಲೇಜಿನವರಾದರೆ ಒಳ್ಳೆಯದು. ಈಗಿನ ಸಿಲಬಸ್ ಅವರಿಗೆ ಬೆರಳ ತುದಿಯಲ್ಲಿರುತ್ತದೆ. ಇನ್ನು ನಿಮ್ಮದೇ ಕಾಲೇಜಿನ ಸೀನಿಯರ್ ಅಣ್ಣ ಅಕ್ಕಂದಿರು. ಇಡೀ ಸೆಮಿಸ್ಟರ್‌ಗೆ ಅಲ್ಲ, ಒಂದು ಚಾಪ್ಟರ್‌ಗೆ, ಲ್ಯಾಬ್ ಪರೀಕ್ಷೆಯ ತಯಾರಿಗೆ ಅವರಷ್ಟು ಉಪಯೋಗ ಯಾರೂ ಆಗುವುದಿಲ್ಲ.

ಟ್ಯೂಟರ್ ಹುಡುಕಿಕೊಡುವ ಆ್ಯಪ್‌ಗಳೂ ಇವೆ. ಅಲ್ಲಿ ಹೆಸರು ಬರೆಸಿದ ಹತ್ತು ನಿಮಿಷಕ್ಕೆ ಐದಾರು ಫೋನ್ ಬರಬಹುದು. ಗಾಬರಿಯಾಗಬೇಡಿ, ಯಾರಿಗೂ ಅವತ್ತೇ ಒಪ್ಪಬೇಡಿ. ಪಿಯುಸಿಗೆ ಪಾಠ ಮಾಡುವವರು "ಡಿಗ್ರಿಯೂ ಮಾಡ್ತೀನಿ" ಅನ್ನುವುದು ಅಲ್ಲಿ ಜಾಸ್ತಿ.

ಮೊದಲ ಮಾತು

ಹೊಸಬರಿಗೆ ನೇರವಾಗಿ ಫೋನ್ ಮಾಡುವ ಬದಲು ಒಂದು ವಾಟ್ಸಾಪ್ ಮೆಸೇಜ್ ಕಳಿಸಿ. ಅವರಿಗೂ ಯೋಚಿಸಲು ಹೊತ್ತು ಸಿಗುತ್ತದೆ. ಹೀಗೆ ಬರೆಯಬಹುದು:

"ನಮಸ್ಕಾರ ಸರ್. ನಾನು ಬಿಎಸ್ಸಿ ಮೂರನೇ ಸೆಮಿಸ್ಟರ್, ಫಿಸಿಕ್ಸ್ ಮತ್ತು ಮ್ಯಾಥ್ಸ್. ಆಪ್ಟಿಕ್ಸ್‌ನಲ್ಲಿ ವ್ಯತಿಕರಣದ ಲೆಕ್ಕಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಸಿಲಬಸ್ ಮತ್ತು ನಾನು ಬಿಡಿಸಲು ನೋಡಿದ ಎರಡು ಲೆಕ್ಕದ ಫೋಟೋ ಕಳಿಸಿದ್ದೇನೆ. ವಾರಕ್ಕೆ ಎರಡು ದಿನ ಸಂಜೆ ಬರಬಲ್ಲೆ. ಕನ್ನಡದಲ್ಲಿ ಹೇಳಿಕೊಟ್ಟರೆ ಅನುಕೂಲ. ಒಂದು ಕ್ಲಾಸ್ ಕೂತು ನೋಡಬಹುದಾ? ಅದರ ಫೀಸ್ ಕೊಡುತ್ತೇನೆ."

ಈ ಮೆಸೇಜ್ ಓದಿದ ಯಾವ ಟ್ಯೂಟರ್‌ಗೂ ಖುಷಿಯಾಗುತ್ತದೆ. ನನಗಂತೂ ಆಗುತ್ತದೆ. ಕೊನೆಯ ಸಾಲು ಮುಖ್ಯ. ಡೆಮೊ ಕ್ಲಾಸನ್ನು ಪುಕ್ಕಟೆ ಕೇಳಬೇಡಿ. ಒಂದೂವರೆ ಗಂಟೆ ಅವರ ಬದುಕಿನ ಹೊತ್ತು ಅದು. ದುಡ್ಡು ಕೊಟ್ಟು ಕೂತರೆ, ಬೇಡ ಅನ್ನಿಸಿದಾಗ ಬೇಡ ಅನ್ನಲು ನಿಮಗೂ ಸಂಕೋಚ ಇರುವುದಿಲ್ಲ.

ಅವರ ಉತ್ತರವನ್ನೂ ಗಮನಿಸಿ. "ಆ ಎರಡನೇ ಲೆಕ್ಕದಲ್ಲಿ ಅರ್ಧ ತರಂಗಾಂತರ ಬಿಟ್ಟಿದ್ದೀಯಲ್ಲ" ಅಂತ ಬರೆದವರು ನಿಮ್ಮ ಫೋಟೋ ನೋಡಿದ್ದಾರೆ. "ಪಾಸ್ ಗ್ಯಾರಂಟಿ, ಇಷ್ಟು ಅಡ್ವಾನ್ಸ್ ಹಾಕಿ" ಅಂತ ಬರೆದವರು ನೋಡಿಲ್ಲ. ರೆಕಾರ್ಡ್ ಬರೆದುಕೊಡ್ತೀನಿ, ಅಸೈನ್‌ಮೆಂಟ್ ಮಾಡಿಕೊಡ್ತೀನಿ ಅನ್ನುವವರ ಕಡೆಗೆ ಹೋಗಲೇಬೇಡಿ. ವೈವಾದಲ್ಲಿ ಎದುರು ಕೂರುವವರು ನೀವು, ಅವರಲ್ಲ.

ಮೊದಲ ಕ್ಲಾಸಿನಲ್ಲಿ ಏನು ನೋಡಬೇಕು

ಪೂರ್ತಿ ಒಂದು ಚಾಪ್ಟರ್ ಕೇಳಬೇಡಿ. ನೀವು ಲ್ಯಾಬಿನಲ್ಲಿ ಮಾಡಿದ ಒಂದು ಪ್ರಯೋಗ ಇಲ್ಲವೇ ಒಂದು ಲೆಕ್ಕ ಹಿಡಿದುಕೊಂಡು ಹೋಗಿ. ನಾನು ಎಲ್ಲರಿಗೂ ನ್ಯೂಟನ್ಸ್ ರಿಂಗ್ಸ್ ತೆಗೆದುಕೊಂಡು ಹೋಗಿ ಅನ್ನುತ್ತೇನೆ. ಡಿಗ್ರಿ ಲ್ಯಾಬ್‌ಗಳಲ್ಲಿ ಇದು ಇದ್ದೇ ಇರುತ್ತದೆ ಅಂತಲೇ ಹೇಳಬಹುದು. ಸಾಧಾರಣ ಟ್ಯೂಟರ್ ಯಾರು, ಒಳ್ಳೆಯ ಟ್ಯೂಟರ್ ಯಾರು ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ.

ಪ್ರಯೋಗ ನಿಮಗೆ ಗೊತ್ತು. ಚಪ್ಪಟೆ ಗಾಜಿನ ಮೇಲೆ ಒಂದು ಕಡೆ ಉಬ್ಬಿದ ಲೆನ್ಸ್ ಇಡುತ್ತೇವೆ. ಮೇಲಿಂದ ಸೋಡಿಯಂ ದೀಪದ ಹಳದಿ ಬೆಳಕು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದರೊಳಗೊಂದು ಕಪ್ಪು ಹಳದಿ ಉಂಗುರಗಳು. ಉಂಗುರದ ವ್ಯಾಸ ಅಳೆದು, ಅದರಿಂದ ಬೆಳಕಿನ ತರಂಗಾಂತರ ಕಂಡುಹಿಡಿಯಬೇಕು. ಉತ್ತರ 5893 ಆಂಗ್‌ಸ್ಟ್ರಾಂ ಹತ್ತಿರ ಬರಬೇಕು ಅಂತ ಎಲ್ಲರಿಗೂ ಬಾಯಿಪಾಠ.

ಎರಡು ಪ್ರಶ್ನೆ ಕೇಳಿ. ಮೊದಲನೆಯದು, ನಡುವಿನ ಜಾಗ ಯಾಕೆ ಕಪ್ಪು? ಅಲ್ಲಿ ಲೆನ್ಸ್ ಗಾಜನ್ನು ಮುಟ್ಟಿದೆ, ನಡುವೆ ಗಾಳಿಯ ಪದರವೇ ಇಲ್ಲ, ಎರಡು ಕಿರಣ ಒಂದೇ ದೂರ ಬಂದಿವೆ. ಹಾಗಾದರೆ ಬೆಳಕಾಗಿ ಕಾಣಬೇಕಲ್ವಾ? ಉತ್ತರ ಏನೆಂದರೆ, ಗಾಳಿಯಿಂದ ಬಂದು ಗಾಜಿಗೆ ತಾಗಿ ತಿರುಗುವ ಕಿರಣ ಅರ್ಧ ತರಂಗಾಂತರದಷ್ಟು ಹೊರಳಿಕೊಳ್ಳುತ್ತದೆ. ಇನ್ನೊಂದು ಕಿರಣ ಹೊರಳುವುದಿಲ್ಲ. ಎರಡೂ ಸೇರಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಇದನ್ನು ಹೆಚ್ಚಿನವರು ಹೇಳುತ್ತಾರೆ.

ಎರಡನೆಯದು ನಿಜವಾದ ಪ್ರಶ್ನೆ. "ಸರ್, ನಮ್ಮ ಲ್ಯಾಬಿನಲ್ಲಿ ನಡುವಿನ ಜಾಗ ಕಪ್ಪಗೆ ಇರಲೇ ಇಲ್ಲ, ಬೆಳ್ಳಗಿತ್ತು. ನಾನು ತಪ್ಪು ಮಾಡಿದೆನಾ?" ಇದಕ್ಕೆ ಕೆಲವರು "ಪರೀಕ್ಷೆಯಲ್ಲಿ ಕಪ್ಪು ಅಂತಲೇ ಬರಿ" ಅನ್ನುತ್ತಾರೆ. ಅಂಥವರಿಗೆ ನಮಸ್ಕಾರ ಹೇಳಿ ಬನ್ನಿ. ಲ್ಯಾಬಿನಲ್ಲಿ ಕೈಯಾಡಿಸಿದವರು ನಗುತ್ತಾ "ಲೆನ್ಸ್ ಒರೆಸಿದ್ದೆಯಾ?" ಅಂತ ಕೇಳುತ್ತಾರೆ. ಲೆನ್ಸ್ ಮತ್ತು ಗಾಜಿನ ನಡುವೆ ಒಂದು ಕಣ ದೂಳು ಇದ್ದರೂ ಲೆನ್ಸ್ ಒಂದು ಚೂರು ಮೇಲೆದ್ದಿರುತ್ತದೆ. ಆಗ ನಡುವೆ ಬೆಳಕೂ ಬರಬಹುದು, ಯಾವ ಉಂಗುರ ಎಷ್ಟನೆಯದು ಅಂತ ಲೆಕ್ಕವೂ ತಪ್ಪಬಹುದು. ಅದಕ್ಕೇ ಒಂದೇ ಉಂಗುರದ ವ್ಯಾಸ ಹಿಡಿದು ತರಂಗಾಂತರ ತೆಗೆಯುವುದಿಲ್ಲ. ಎರಡು ಉಂಗುರದ ವ್ಯಾಸಗಳ ವರ್ಗ ತೆಗೆದು, ಒಂದರಿಂದ ಒಂದನ್ನು ಕಳೆಯುತ್ತೇವೆ. ದೂಳಿನಿಂದ ಬಂದ ತಪ್ಪು ಎರಡರಲ್ಲೂ ಒಂದೇ ಆಗಿರುವುದರಿಂದ ಕಳೆದಾಗ ಹೊರಟುಹೋಗುತ್ತದೆ. ಎಷ್ಟನೆಯ ಉಂಗುರ, ಅದರ ವ್ಯಾಸದ ವರ್ಗ ಎಷ್ಟು ಅಂತ ಗ್ರಾಫ್ ಹಾಕಿದರೆ ಗೆರೆ ಮೂಲಬಿಂದುವಿನ ಮೂಲಕ ಹೋಗದೇ ಇರಬಹುದು, ಆದರೆ ಅದರ ಓರೆ (ಸ್ಲೋಪ್) ಬದಲಾಗುವುದಿಲ್ಲ. ನಮಗೆ ಬೇಕಾದದ್ದು ಆ ಓರೆ ಮಾತ್ರ.

ಈ ಮಾತು ಒಬ್ಬ ಹುಡುಗಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಹಾಳೆ ನೋಡಿ, "ಅಂದ್ರೆ ಆ ಸೂತ್ರದಲ್ಲಿ ಮೈನಸ್ ಇರೋದು ದೂಳಿಗೋಸ್ಕರನಾ ಮಿಸ್?" ಅಂದಳು. ಹೌದು, ಅದಕ್ಕೇ. ಅವತ್ತಿನಿಂದ ಆ ಸೂತ್ರ ಅವಳಿಗೆ ಬಾಯಿಪಾಠ ಮಾಡುವ ಅಗತ್ಯ ಬೀಳಲಿಲ್ಲ. ಟ್ಯೂಷನ್‌ನಲ್ಲಿ ಸಿಗಬೇಕಾದದ್ದು ಇದು.

ಪಾಠದ ನಡುವೆ ಇನ್ನೊಂದನ್ನು ಗಮನಿಸಿ. ಪೆನ್ನು ಯಾರ ಕೈಯಲ್ಲಿದೆ? ಒಂದೂವರೆ ಗಂಟೆ ಪೂರ್ತಿ ಅವರೇ ಬರೆದು, ನೀವು ನಕಲು ಮಾಡಿಕೊಂಡು ಬಂದರೆ, ಮನೆಗೆ ಬಂದಾಗ ಎಲ್ಲಾ ಅರ್ಥ ಆದ ಹಾಗೇ ಇರುತ್ತದೆ. ಮಾರನೇ ದಿನ ಖಾಲಿ ಹಾಳೆ ಮುಂದೆ ಏನೂ ಬರುವುದಿಲ್ಲ. ಒಳ್ಳೆಯವರು ಹತ್ತು ನಿಮಿಷ ಹೇಳಿ, ಪೆನ್ನು ನಿಮ್ಮ ಕೈಗೆ ಕೊಟ್ಟು, ಸುಮ್ಮನೆ ಕೂರುತ್ತಾರೆ. ನೀವು ತಡವರಿಸಿದರೂ ತಕ್ಷಣ ಬಾಯಿ ಹಾಕುವುದಿಲ್ಲ. ಹಾಗೆ ಸುಮ್ಮನೆ ಕೂರುವುದು ಕಷ್ಟದ ಕೆಲಸ. ನಾನೂ ಅದನ್ನು ಕಲಿಯಲು ವರ್ಷಗಳೇ ಬೇಕಾದವು.

ಒಂದು ಸಲವಾದರೂ "ಇದು ನನಗೆ ಈಗ ಹೊಳೀತಿಲ್ಲ, ನೋಡಿ ನಾಳೆ ಹೇಳ್ತೀನಿ" ಅಂದರೆ ಅವರ ಮೇಲೆ ಅಂಕ ಕಳೆಯಬೇಡಿ. ಮಾರನೇ ದಿನ ನೋಡಿಕೊಂಡು ಬಂದು ಹೇಳಿದರೆ, ನಿಮಗೆ ಸಿಕ್ಕಿರುವುದು ಒಳ್ಳೆಯ ಟ್ಯೂಟರ್.

ಫೀಸು, ಹೊತ್ತು, ಜಾಗ

ಫೀಸು ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಕಡಿಮೆ ಅಂದರೆ ಮೂರು ಜನರನ್ನು ವಿಚಾರಿಸಿ. ತಿಂಗಳ ಮೊತ್ತವನ್ನು ಗಂಟೆಗೆ ಇಳಿಸಿ ಹೋಲಿಸಿ. ವಾರಕ್ಕೆ ಎರಡು ಕ್ಲಾಸ್, ಒಂದೊಂದು ಒಂದೂವರೆ ಗಂಟೆ ಅಂದರೆ ತಿಂಗಳಿಗೆ 12 ಗಂಟೆ. ವಾರಕ್ಕೆ ಮೂರು ಕ್ಲಾಸ್ ಅಂದರೂ ಒಂದೊಂದು ಮುಕ್ಕಾಲು ಗಂಟೆ ಆದರೆ 9 ಗಂಟೆ ಅಷ್ಟೆ. ಇಡೀ ಸೆಮಿಸ್ಟರಿನ ಫೀಸನ್ನು ಒಟ್ಟಿಗೆ ಕೊಡಬೇಡಿ. ತಿಂಗಳಿಗೆ ಇಲ್ಲವೇ ಕ್ಲಾಸಿಗೆ ಇಷ್ಟು ಅಂತ ಮಾಡಿಕೊಳ್ಳಿ. ಯುಪಿಐನಲ್ಲಿ ಕಳಿಸಿದರೆ ಲೆಕ್ಕ ತಾನೇ ಉಳಿಯುತ್ತದೆ. ಕ್ಲಾಸ್ ತಪ್ಪಿದರೆ ಏನು ಅಂತ ಮೊದಲೇ ಮಾತಾಡಿ. ನೀವು ತಪ್ಪಿಸಿದರೆ ಫೀಸು ಕೊಡಬೇಕು, ಅವರು ತಪ್ಪಿಸಿದರೆ ಬದಲು ಕ್ಲಾಸ್ ಕೊಡಬೇಕು, ನ್ಯಾಯ ಅಷ್ಟೇ.

ದುಡ್ಡಿನ ತಾಪತ್ರಯ ಇದ್ದರೆ ಮೂರು ಜನ ಗೆಳೆಯರು ಸೇರಿ ಹೋಗಿ. ಮೂರರವರೆಗೆ ಪಾಠ ಕೆಡುವುದಿಲ್ಲ. ಎಷ್ಟೋ ಸಲ ಇನ್ನೂ ಚೆನ್ನಾಗಿ ನಡೆಯುತ್ತದೆ, ಒಬ್ಬರ ತಪ್ಪಿನಿಂದ ಇಬ್ಬರು ಕಲಿಯುತ್ತಾರೆ. ಹತ್ತು ಜನ ಆದರೆ ಅದು ಇನ್ನೊಂದು ಕ್ಲಾಸ್ ರೂಮ್ ಆಗುತ್ತದೆ, ಪೆನ್ನು ನಿಮ್ಮ ಕೈಗೆ ಬರುವುದಿಲ್ಲ.

ಆನ್‌ಲೈನ್ ಬಗ್ಗೆ ತುಂಬಾ ಜನ ಹಿಂಜರಿಯುತ್ತಾರೆ. ಬೀದರಿನಲ್ಲಿ ಕೂತು ಧಾರವಾಡದ ಸಂಶೋಧನಾ ವಿದ್ಯಾರ್ಥಿಯಿಂದ ಪಾಠ ಹೇಳಿಸಿಕೊಳ್ಳಲು ಆಗುವುದು ಅದರಿಂದಲೇ. ಒಂದು ಷರತ್ತು ಮಾತ್ರ. ಅವರ ಮುಖ ಕಾಣದಿದ್ದರೂ ಪರವಾಗಿಲ್ಲ, ನಿಮ್ಮ ಹಾಳೆ ಅವರಿಗೆ ಕಾಣಬೇಕು. ನಾಲ್ಕು ದಪ್ಪ ಪುಸ್ತಕ ಪೇರಿಸಿ ಅದರ ಮೇಲೆ ಫೋನನ್ನು ಹಾಳೆಯ ಕಡೆ ತಿರುಗಿಸಿ ಇಡಿ. ಸಾಕು. ಲ್ಯಾಬ್ ವಿಷಯಕ್ಕೆ ಮಾತ್ರ ಎದುರು ಬದುರು ಕೂತರೇ ಒಳ್ಳೆಯದು. ಮೈಕ್ರೋಸ್ಕೋಪಿನ ತಿರುಪನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋಗಬೇಕು, ಹಿಂದೆ ಮುಂದೆ ಮಾಡಿದರೆ ರೀಡಿಂಗ್ ತಪ್ಪುತ್ತದೆ ಅನ್ನುವಂಥದ್ದೆಲ್ಲ ಕೈಯಿಂದ ಕೈಗೆ ಬರುವ ವಿದ್ಯೆ.

ಹೆಣ್ಣುಮಕ್ಕಳ ಮನೆಯವರಿಗೆ ಒಂದು ಮಾತು. ಮೊದಲ ಕ್ಲಾಸಿಗೆ ಮನೆಯವರೊಬ್ಬರು ಜೊತೆಗೆ ಹೋಗಿ ಬನ್ನಿ. ಪಾಠ ಹಜಾರದಲ್ಲಿ, ಬಾಗಿಲು ತೆರೆದಿರುವ ಜಾಗದಲ್ಲಿ ನಡೆಯಲಿ. ಇದನ್ನು ಹೇಳಿದರೆ ಒಳ್ಳೆಯ ಟ್ಯೂಟರ್ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಗಳು "ಅಲ್ಲಿಗೆ ಹೋಗಲ್ಲ" ಅಂದರೆ ಕಾರಣಕ್ಕೆ ಒತ್ತಾಯ ಮಾಡಬೇಡಿ, ಬಿಡಿಸಿಬಿಡಿ.

ಯಾವಾಗ ಶುರು ಮಾಡಬೇಕು? ಕ್ಲಾಸ್ ಶುರುವಾದ ಮೂರನೇ ವಾರದಲ್ಲಿ. ಅಷ್ಟು ಹೊತ್ತಿಗೆ ಯಾವುದು ಕಷ್ಟ ಅಂತ ಗೊತ್ತಾಗಿರುತ್ತದೆ, ಹೊತ್ತೂ ಉಳಿದಿರುತ್ತದೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಬಂದವರಿಗೆ ನಾನು ನೇರವಾಗಿ ಹೇಳುತ್ತೇನೆ, ಈಗ ಇಡೀ ಸಿಲಬಸ್ ಆಗುವುದಿಲ್ಲ, ಎರಡು ಯೂನಿಟ್ ಆರಿಸಿಕೋ, ಅದನ್ನು ಗಟ್ಟಿ ಮಾಡೋಣ ಅಂತ.

ಒಂದು ತಿಂಗಳ ಮೇಲೆ

ನಾಲ್ಕು ವಾರ ಆದ ಮೇಲೆ ಮೊದಲ ಸಂಜೆ ಬರೆದ ಅದೇ ಪ್ರಶ್ನೆಪತ್ರಿಕೆ ಮತ್ತೆ ತೆಗೆಯಿರಿ. ಪುಸ್ತಕ, ಫೋನ್ ಮತ್ತೆ ಬೇರೆ ಕೋಣೆಗೆ. ಪಾಠ ಆದ ಭಾಗದ ಪ್ರಶ್ನೆಗಳನ್ನಷ್ಟೇ ಬರೆಯಿರಿ. ಹಳೆಯ ಹಾಳೆ ಪಕ್ಕಕ್ಕಿಟ್ಟು ಸುತ್ತುಗಳನ್ನು ನೋಡಿ. ಕಮ್ಮಿಯಾಗಿವೆಯಾ? ಜಾಗ ಬದಲಾಗಿದೆಯಾ? ಮೊದಲು ಎರಡನೇ ಸಾಲಿನಲ್ಲಿ ನಿಲ್ಲುತ್ತಿದ್ದ ಪೆನ್ನು ಈಗ ಎಂಟನೇ ಸಾಲಿನಲ್ಲಿ ನಿಂತರೆ ಅದೂ ಮುಂದೆ ಹೋದ ಹಾಗೆಯೇ. ಮಾರ್ಕ್ಸ್ ಬರಲು ಇನ್ನೂ ಸ್ವಲ್ಪ ದಿನ ಬೇಕು. ಅಪ್ಪ ಅಮ್ಮಂದಿರು ಇದನ್ನು ತಿಳಿದುಕೊಳ್ಳಬೇಕು ಅಂತ ಕೈಮುಗಿದು ಕೇಳುತ್ತೇನೆ. ಮೊದಲ ತಿಂಗಳಿಗೇ "ಇಷ್ಟು ದುಡ್ಡು ಕೊಟ್ಟೆವು, ಮಾರ್ಕ್ಸ್ ಎಲ್ಲಿ?" ಅಂತ ಶುರು ಮಾಡಿದರೆ, ಮಗು ಅರ್ಥ ಮಾಡಿಕೊಳ್ಳುವುದನ್ನು ಬಿಟ್ಟು ಬಾಯಿಪಾಠಕ್ಕೆ ಇಳಿಯುತ್ತದೆ.

ಸುತ್ತುಗಳು ಹಾಗೇ ಇದ್ದರೆ ಮೊದಲು ಟ್ಯೂಟರ್ ಹತ್ತಿರ ಮಾತಾಡಿ. ಎರಡೂ ಹಾಳೆ ತೋರಿಸಿ. ಎಷ್ಟೋ ಸಲ ಪಾಠದ ವೇಗ ತಗ್ಗಿಸಿದರೆ, ಥಿಯರಿ ಕಮ್ಮಿ ಮಾಡಿ ಲೆಕ್ಕ ಜಾಸ್ತಿ ಮಾಡಿಸಿದರೆ ಸರಿಹೋಗುತ್ತದೆ. ಇನ್ನೆರಡು ವಾರ ನೋಡಿ. ಆಗಲೂ ಹಾಗೇ ಇದ್ದರೆ ಬಿಡುವುದೇ ಸರಿ. ಸುಮ್ಮನೆ ಹೋಗುವುದನ್ನು ನಿಲ್ಲಿಸಬೇಡಿ, ಫೋನ್ ಎತ್ತದೆ ಇರಬೇಡಿ. "ಸರ್, ಈ ತಿಂಗಳ ಕೊನೆಗೆ ನಿಲ್ಲಿಸಬೇಕು ಅಂತಿದ್ದೇನೆ. ಬಾಕಿ ಫೀಸು ಇವತ್ತು ಕಳಿಸಿದ್ದೇನೆ. ಇಷ್ಟು ದಿನ ಹೇಳಿಕೊಟ್ಟಿದ್ದಕ್ಕೆ ಥ್ಯಾಂಕ್ಸ್" ಅಂತ ಒಂದು ಮೆಸೇಜ್ ಹಾಕಿ.

ಚೆನ್ನಾಗಿ ಕಲಿತು ಬಿಡುವವರೂ ಇರುತ್ತಾರೆ. ನೀವು ಅಂಥವರಾದರೆ, ಬಿಡುವ ಮೊದಲು, ಲ್ಯಾಬ್ ಪರೀಕ್ಷೆಯ ವಾರದಲ್ಲಿ ಬೇಕಾದರೆ ಎರಡು ಕ್ಲಾಸಿಗೆ ಬರಬಹುದಾ ಅಂತ ಕೇಳಿಟ್ಟುಕೊಳ್ಳಿ. ನನ್ನ ಹತ್ತಿರ ಹಾಗೆ ಕೇಳಿದವರಿಗೆ ನಾನು ಇಲ್ಲ ಅಂದಿಲ್ಲ.